ಅಪ್ಪನ ಕೈಗೆ ಗನ್ ಕೊಟ್ಟವಳು

"ನಿಮ್ಮ ಕಡೆಯವರು ಯಾರರೆ ಮಿಲಿಟ್ರಿಯಾಗ ಇದ್ರೇನ್ರಿ ಮೇಡಂ?"

ಕಳೆದ ಭಾನುವಾರ ಸೇನಾ ಮ್ಯೂಸಿಯಂನಲ್ಲಿ ಕಾವಲಿಗಿದ್ದ ಮಾಜಿ ಸೈನಿಕರೊಬ್ಬರು ಹೀಗೆ ಕೇಳಿದಾಗ ಥಟ್ಟನೆ ಬಾಯಿಗೆ ಬಂದಿದ್ದು ಸುಳ್ಳು. "ಹೌದು ಸಾರ್, ನಮ್ಮಪ್ಪ. ಗನ್ನರ್ ಆಗಿದ್ರು."

ಐವತ್ತೆರಡು ವರ್ಷದ ಹೆಂಗಸು. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ (ಬೇರೆಯವರ ತಪ್ಪು ಹಿಡಿಯೋದೇ ನನ್ನ ಕೆಲಸ). ಹೀಗೆ ಹಾಡಹಗಲೇ ಸುಳ್ಳು ಹೇಳೋದಾ?

ಅಪ್ಪ ಸೈನ್ಯದಲ್ಲಿ ಅಡುಗೆಯವರು. ಗೆಳತಿಯರು ನಗ್ತಾರೆ ಅಂತ ಐದನೇ ಕ್ಲಾಸಿನಲ್ಲೇ ನಾನು ಅವರ ಕೈಗೆ ಗನ್ ಕೊಟ್ಟುಬಿಟ್ಟಿದ್ದೆ. ಒಮ್ಮೆ ಅವರು ರಜೆಗೆ ಬಂದಿದ್ದಾಗ ಗೆಳತಿಯೊಬ್ಬಳು, "ಅಂಕಲ್, ಎಷ್ಟು ಜನರನ್ನ ಶೂಟ್ ಮಾಡಿದೀರಾ?" ಅಂದಳು. ಅಪ್ಪ ನನ್ನ ಮುಖ ನೋಡಿದರು. ಎದ್ದು ಒಳಗೆ ಹೋದರು. ಬೈಯಲಿಲ್ಲ. ಆದರೆ ಸೈನ್ಯದ ವಿಷಯ ನನ್ನ ಹತ್ತಿರ ಮತ್ತೆಂದೂ ಎತ್ತಲೂ ಇಲ್ಲ.

ಅವರು ಹೋಗಿ ಒಂಬತ್ತು ವರ್ಷ. ಅಮ್ಮನೂ ಇಲ್ಲ. ದಾಸರಹಳ್ಳಿಯ ಮನೆಯಲ್ಲಿ ನಾನೊಬ್ಬಳೇ. ಭಾನುವಾರಗಳು ಬಲು ಉದ್ದ ಕಣ್ರೀ! ಅದಕ್ಕೇ ಅವತ್ತು ಮೆಟ್ರೋ ಹತ್ತಿದ್ದು. ಮ್ಯೂಸಿಯಂನಲ್ಲಿ ಟ್ಯಾಂಕ್ ಮುಂದೆ ಎಲ್ಲರದ್ದೂ ಫ್ಯಾಮಿಲಿ ಸೆಲ್ಫಿ. ನಾನು ಬಂದೂಕು, ಪದಕ, ಯೂನಿಫಾರ್ಮ್ ಎಲ್ಲ ದಾಟಿಕೊಂಡು, ಒಂದು ಸೌಟಾದರೂ ಇಟ್ಟಿದ್ದಾರಾ ಅಂತ ಹುಡುಕುತ್ತಿದ್ದೆ. ಇರಲಿಲ್ಲ. ಅಷ್ಟರಲ್ಲೇ ಆ ಪ್ರಶ್ನೆ, ನನ್ನ ಆ ಉತ್ತರ.

"ಗನ್ನರ್ರಾ? ಯಾವ ರೆಜಿಮೆಂಟ್ ರೀ?" ಅವರ ಮುಖ ಅರಳಿತು.

ಗೊತ್ತಿದ್ದರೆ ತಾನೇ ಹೇಳೋದು? "ಇಲ್ಲ ಸಾರ್, ಸುಳ್ಳು ಹೇಳಿದೆ. ಅವರು ಅಡುಗೆ ಮಾಡ್ತಿದ್ರು."

ನಗುತ್ತಾರೆ ಅಂದುಕೊಂಡೆ. ನಗಲಿಲ್ಲ.

"ಅದಕ್ಯಾಕ್ರಿ ಸುಳ್ಳು? ನಮ್ಮ ಪೋಸ್ಟ್ ಹಿಮದಾಗಿತ್ತು. ಅಡುಗೆಯವರು ನಮಗಿಂತ ಎರಡು ತಾಸು ಮೊದಲ ಎದ್ದು, ಹಿಮ ಕರಗಿಸಿ ಚಹಾ ಕಾಸ್ತಿದ್ರು. ನಮ್ಮ ಬೆರಳು ಮರಗಟ್ಟಿರ್ತಿದ್ವು. ಆ ಬಿಸಿ ಮಗ್ ಹಿಡಿದ ಮ್ಯಾಲೇ ಬಂದೂಕು ಹಿಡಿಯಾಕ ಬರ್ತಿತ್ತು." ಆಮೇಲೆ ಮೆಲ್ಲಗೆ ಕೇಳಿದರು, "ಹೆಸರೇನ್ರಿ ಅವರದು?"

"ಸಿದ್ದಲಿಂಗಪ್ಪ."

ಆ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ವರ್ಷವಾಗಿತ್ತೋ! ಕೇಳುವವರಾದರೂ ಯಾರಿದ್ದರು? ಆ ಮಾಜಿ ಸೈನಿಕರು ನೆಟ್ಟಗೆ ನಿಂತು ಕೈಮುಗಿದರು. ನನಗೆ ಅಲ್ಲಿ ನಿಲ್ಲೋಕಾಗಲಿಲ್ಲ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಪ್ಪನ ಫೋಟೋ ಮುಂದೆ ನಿಂತೆ. ಸಾರಿ ಅಂದೆ. ಫೋಟೋಗೆ ಸಾರಿ ಹೇಳೋದು ಎಷ್ಟು ಸುಲಭ ನೋಡಿ.

ಅಪ್ಪ ಅನ್ನ ಬೇಯಿಸಿದ್ದು ಹಿಮದಲ್ಲೋ ಮರಳುಗಾಡಲ್ಲೋ ಅಂತಲೂ ಗೊತ್ತಿಲ್ಲದ ನಾನು ಎಂಥ ಮಗಳು, ಹೇಳಿ?