ಶಂಖದೊಳಗಿನ ಮಣ್ಣು

ನನ್ನನ್ನು ಬೇವೂರಿನ ದಾಸಯ್ಯನ ಮನೆಗೆ ಕೊಟ್ಟಾಗ ಆ ಮನೆಯ ಶಂಖ ಮೂಕವಾಗಿತ್ತು. ನಿಜಾಮಶಾಹಿ ಇನ್ನೂ ಇದ್ದ ಕಾಲ. ಊರಲ್ಲಿ ಯಾರು ಸತ್ತರೂ ಮೊದಲು ನಮ್ಮ ದೇವರ ಕೋಣೆಯಿಂದ ಶಂಖ ಕೇಳಬೇಕು, ಆಮೇಲೆ ಹೆಣ ಎತ್ತಬೇಕು. ಅದಕ್ಕೆಂದೇ ಸುಗ್ಗಿಯಲ್ಲಿ ಕಣದಿಂದ ನಮಗೆ ಜೋಳ ಬರುತ್ತಿತ್ತು. ಮಾವ ಸತ್ತ ಮೇಲೆ ನನ್ನ ಗಂಡ ಊದಿದರೆ ಬರೀ ಉಗುಳು. ಊರವರು ಕುಷ್ಟಗಿಯಿಂದ ಬೇರೆ ದಾಸಯ್ಯನನ್ನು ತರುವ ಮಾತಾಡುತ್ತಿದ್ದರು.

“ದನಿ ನಿಮ್ಮ ಮಾವನ ಕೂಡ ಹೋಗೇತಿ,” ಎಂದಳು ಅತ್ತೆ.

ಹೋಗಿರಲಿಲ್ಲ. ಆನೆಗೊಂದಿಯಲ್ಲಿ ನನ್ನ ಅಪ್ಪನದೂ ಇದೇ ಕಸುಬು. ಹೊಳೆಯಲ್ಲಿ ಶಂಖ ತೊಳೆಯುವುದು ನನ್ನ ಪಾಲಿನ ಕೆಲಸವಾಗಿತ್ತು; ಯಾರೂ ಇಲ್ಲದಾಗ ಊದಿಯೂ ನೋಡುತ್ತಿದ್ದೆ. ಗೂಟದಿಂದ ಇಳಿಸಿ ನೋಡಿದೆ, ಭಾರ ಇತ್ತು. ಕಣಜದ ಹುಳ ಒಳಗೆ ಮಣ್ಣಿನ ಗೂಡು ಕಟ್ಟಿತ್ತು. ನೆನೆಹಾಕಿ ಕಸಬರಿಗೆ ಕಡ್ಡಿಯಿಂದ ಕೆದಕಿದೆ. ಮಣ್ಣೆಲ್ಲ ಹೋಯಿತೋ ಇಲ್ಲವೋ ಎಂದು ತುಟಿಗೆ ಹಚ್ಚಿ ಊದಿದೆ. ಮನೆ ಗುಂಯ್‌ಗುಟ್ಟಿತು.

ಎದುರು ಮನೆಯವಳು ಓಡಿ ಬಂದಳು. “ಯಾರು ಹೋದ್ರಬೇ?”

“ಯಾರೂ ಹೋಗಿಲ್ಲ. ನನ್ನ ಮಗ ರೂಢಿ ಮಾಡಾಕತ್ಯಾನ,” ಎಂದು ಅತ್ತೆ ಬಾಗಿಲು ಹಾಕಿದಳು. ಮಗ ಹೊಲದಲ್ಲಿದ್ದ.

ಹೆಂಗಸು ಶಂಖ ಊದುವಂತಿಲ್ಲ. ಗೊತ್ತಾದರೆ ಜೋಳ ನಿಲ್ಲುತ್ತಿತ್ತು. ಮಣ್ಣು ಹೋದ ಮೇಲೂ ಗಂಡ ಊದಿದರೆ ಉಗುಳೇ. ಅವನಿಗೆ ಕಲಿಸಲು ನೋಡಿದೆ.

“ಗಾಳಿ ಅಲ್ರಿ, ತುಟಿ ನಡಗಬೇಕು. ಕುದುರಿ ಫುರ್ ಅಂದಂಗ.”

“ಹೇಣ್ತಿ ಕಡೆ ಕುದುರಿ ವಿದ್ಯಾ ಕಲಿಯಂಗಿಲ್ಲ ನಾ,” ಎಂದ.

ಹಾಗಾಗಿ ಮುಚ್ಚಿದ ಕೋಣೆಯಲ್ಲಿ ನಾನು ಊದುವುದು, ಅವನು ಬಾಯಿ ಒರೆಸಿಕೊಳ್ಳುತ್ತ ಹೊರಗೆ ಹೋಗಿ ಜಾಗಟೆ ಹಿಡಿಯುವುದು. “ಅಪ್ಪನ ಉಸಿರು ಮಗಗ ಬಂದೈತಿ,” ಎಂದು ಊರವರು ಅಂದರೆ ತಲೆಯಾಡಿಸುತ್ತಿದ್ದ. ನಾನು ಬಾವಿಗೆ ಹೋದರೂ ತಿರುಗಿ ಬರುವ ತನಕ ಅತ್ತೆ ಬಾಗಿಲಲ್ಲೇ ನಿಂತಿರುತ್ತಿದ್ದಳು. ಸಾಯುವವರು ಹೇಳಿ ಸಾಯುತ್ತಾರೆಯೇ?

ನಾಗರ ಪಂಚಮಿಗೆ ತವರಿಗೆ ಕರೆದೊಯ್ಯಲು ಅಣ್ಣ ಬಂಡಿ ತಂದ. ಅತ್ತೆ ನನ್ನನ್ನು ಒಳಗೆ ಕರೆದು, “ಮ್ಯಾಲಿನ ಓಣಿ ಮುದುಕ ಗೊರಗೊರ ಅನ್ನಾಕತ್ಯಾನ. ನೀ ಹೋದ್ರ ಊದೋರು ಯಾರು?” ಎಂದಳು. ಅಣ್ಣನಿಗೆ ನನಗೆ ಜ್ವರ ಎಂದು ಹೇಳಿ ಕಳಿಸಿದಳು. ಮುದುಕ ಸಾಯಲಿಲ್ಲ. ಮರುವರ್ಷವೂ ಅದೇ ಮುದುಕ, ಅದೇ ಗೊರಗೊರ. ಖಾಲಿ ಬಂಡಿ ತಿರುಗಿ ಹೋಯಿತು. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿದ್ದರು. ನಾನು ಶಂಖ ಕಾಯುತ್ತ ಕೂತೆ.

ಮೂರನೆಯ ಪಂಚಮಿಗೆ, ಅಣ್ಣ ಬರುವ ಮೊದಲೇ, ಹಿತ್ತಲ ಮಣ್ಣು ಕಲಸಿ ಶಂಖದೊಳಗೆ ತುಂಬಿದೆ. ಒಣಗಿದ ಮೇಲೆ ಅತ್ತೆಯ ಮುಂದೆಯೇ ಊದಿದೆ. ಬರೀ ಗಾಳಿ.

“ಮತ್ತ ಹೋತು ನೋಡ್ರಿ, ಅತ್ತಿ.”

ಅತ್ತೆ ಶಂಖವನ್ನು ಕೈಯಲ್ಲಿ ತೂಗಿ ನೋಡಿ ಗೂಟಕ್ಕೆ ಹಾಕಿದಳು. “ಹಂಗಾದ್ರ ಇದ್ದು ಏನ್ ಮಾಡ್ತಿ? ಹೋಗಿ ಬಾ.”

ಹೋದೆ. ಉಂಡಿ ತಿಂದೆ, ಜೋಕಾಲಿ ಜೀಕಿದೆ. ಅವ್ವ ಇನ್ನೆರಡು ದಿನ ಇರು ಎಂದಳು, ಇದ್ದೆ.

ತಿರುಗಿ ಬಂದಾಗ ಅತ್ತೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಬೋಗುಣಿಯ ನೀರಲ್ಲಿ ಶಂಖ, ಅದರ ಮೇಲೊಂದು ಕಸಬರಿಗೆ ಕಡ್ಡಿ.

“ನೆನಿಯಾಕ ಇಟ್ಟೇನಿ,” ಎಂದಳು, ಮೊರದಿಂದ ತಲೆ ಎತ್ತದೆ. “ಹಬ್ಬ ಮುಗೀತಲ್ಲ, ತಗಿ ಇನ್ನ. ಮುದುಕ ಇನ್ನೂ ಅದಾನ.”

ಗಂಟು ಒಳಗಿಟ್ಟು ಬಂದು ಕೂತೆ. ಮಣ್ಣು ಮೆತ್ತಗಾಗಿತ್ತು, ಬೇಗ ಬಂತು.