ತಮ್ಮನ ತಲೆನೋವು ಮುಚ್ಚಿಟ್ಟೆ

ಎಂಬತ್ತರ ದಶಕದ ಕೊನೆಯ ವರ್ಷಗಳು. ಚಾಮರಾಜಪೇಟೆಯ ಅಚ್ಚುಕೂಟವೊಂದರಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ ನನ್ನ ತಮ್ಮನಿಗೆ ರಕ್ತದ ಕ್ಯಾನ್ಸರ್ ಬಂತು. ಬೇರೆ ಊರಿನ ಆಸ್ಪತ್ರೆಯಲ್ಲಿ ನನ್ನ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಅವನಿಗೆ ಕೊಟ್ಟರು. ಅವನು ಉಳಿದ. ಬೀದಿಯವರು ನನ್ನನ್ನು ನಿಲ್ಲಿಸಿ ಮಾತಾಡಿಸತೊಡಗಿದರು. ಹೈಸ್ಕೂಲು ಮುಗಿಸಿ ಬಟ್ಟೆ ಅಂಗಡಿ ಸೇರಿದ್ದ ನನಗೆ ಅಂಥ ಮರ್ಯಾದೆ ಅದೇ ಮೊದಲು.

ಕೆಲವು ತಿಂಗಳಾದ ಮೇಲೆ ಅವನಿಗೆ ತಲೆನೋವು ಶುರುವಾಯಿತು.

“ನಿನ್ನ ಮಜ್ಜೆ ಬಂದ್ಮೇಲೆ ನಂಗೂ ತಲೆ ಕೆಟ್ಟಿದೆ ಕಣೋ ಅಣ್ಣ,” ಎಂದು ನಗುತ್ತಿದ್ದ.

ನನಗೆ ನಗು ಬರಲಿಲ್ಲ. ನನ್ನ ಮಜ್ಜೆಯಲ್ಲೇ ದೋಷವಿದೆ ಎಂದು ಡಾಕ್ಟರು ಹೇಳಿಬಿಟ್ಟರೆ?

“ಅಮ್ಮಂಗೆ ಹೇಳ್ಬೇಡ. ಸುಮ್ನೆ ಗಾಬರಿ ಆಗ್ತಾಳೆ,” ಎಂದೆ.

ತಪಾಸಣೆಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಹೊರಗಿನವರ ಮುಂದೆ ಅವನ ಪರವಾಗಿ ಮಾತಾಡುವವನು ನಾನೇ ಆಗಿದ್ದೆ. ಡಾಕ್ಟರು ಅವನನ್ನು ಕೇಳಿದರೂ ಉತ್ತರ ನನ್ನದು.

“ತಲೆನೋವು, ವಾಂತಿ ಏನಾದ್ರೂ?”

“ಏನೂ ಇಲ್ಲ ಡಾಕ್ಟ್ರೇ, ಚೆನ್ನಾಗಿದಾನೆ.”

ಮೂರು ತಿಂಗಳಲ್ಲಿ ಮೂರು ಸಲ ಹೀಗೆ ಹೇಳಿದೆ. ತಮ್ಮ ಬಾಯಿ ಬಿಡಲಿಲ್ಲ.

ಒಂದು ಬೆಳಿಗ್ಗೆ ಅವನ ಬಲಗೈಯಿಂದ ಕಾಫಿ ಲೋಟ ಜಾರಿತು. ಬೆರಳು ಬಗ್ಗಲಿಲ್ಲ, ಮಾತು ತೊದಲಿತು. ಆಸ್ಪತ್ರೆಯಲ್ಲಿ ಡಾಕ್ಟರು, ಮಿದುಳಿನ ರಕ್ತನಾಳಗಳಿಗೆ ಉರಿಯೂತ, ಒಂದು ಒಡೆದಿದೆ ಎಂದರು. ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆಯಬೇಕಿತ್ತು. ಆಪರೇಷನ್ ಮುಗಿಯುವವರೆಗೆ ನನಗೆ ಕೂರಲಾಗಲಿಲ್ಲ. ಮೆಟ್ಟಿಲು ಹತ್ತಿದೆ, ಇಳಿದೆ, ಗೇಟಿನವರೆಗೆ ಹೋಗಿ ಬಂದೆ, ಬೀಡಿ ಹಚ್ಚಿ ಸೇದದೆ ಎಸೆದೆ.

ಹೊರಬಂದ ಸರ್ಜನ್ನರು, “ಜೀವಕ್ಕೆ ಅಪಾಯ ಇಲ್ಲ. ಮಜ್ಜೆ ಹಾಕಿಸ್ಕೊಂಡವರಲ್ಲಿ ಅಪರೂಪಕ್ಕೆ ಹೀಗಾಗುತ್ತೆ, ಕೊಟ್ಟವರದೇನೂ ತಪ್ಪಲ್ಲ. ತಿಂಗಳುಗಟ್ಟಲೆ ಮೊದಲೇ ತಲೆನೋವು ಬಂದಿರುತ್ತೆ, ಆಗಲೇ ಹೇಳಿದ್ರೆ ಕೈ ಉಳೀತಿತ್ತೇನೋ,” ಎಂದರು.

ಅಮ್ಮ ಪಕ್ಕದಲ್ಲೇ ಇದ್ದಳು. ನಾಲ್ಕನೆಯ ದಿನ ತಮ್ಮ ಕಣ್ಣು ಬಿಟ್ಟು ನಮ್ಮನ್ನು ಗುರುತಿಸಿದಾಗ ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು.

“ತಲೆ ನೋಯತ್ತೆ ಅನ್ನೋಕೇನಾಗಿತ್ತೋ ನಿಂಗೆ? ಬಾಯಿ ಬಿದ್ದೋಗಿತ್ತಾ?”

ತಲೆ ತುಂಬ ಪಟ್ಟಿ ಸುತ್ತಿಕೊಂಡಿದ್ದ ಅವನು ನನ್ನ ಮುಖ ನೋಡಿದ. ನಾನು ಮಾತಾಡಲಿ ಎಂದು ಕಾದ. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತೆ.

“ಮರ್ತೋಯ್ತು ಅಮ್ಮ,” ಎಂದ.

ಅವನು ಮತ್ತೆ ಮೊಳೆ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ಅಮ್ಮ ಅವನ ಅಂಗಿಯ ಗುಂಡಿ ಹಾಕುತ್ತ, “ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೋ,” ಎಂದು ಬೈಯುತ್ತಿದ್ದಳು. ಸಾಯುವವರೆಗೂ ಬೈದಳು. ಅವನು ಕತ್ತು ಎತ್ತಿ ಗುಂಡಿ ಹಾಕಿಸಿಕೊಳ್ಳುತ್ತಿದ್ದ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದೆ, ಅಂಗಡಿ ತೆರೆಯಲು ಇನ್ನೂ ಒಂದು ಗಂಟೆ ಇದ್ದರೂ.