ಸುರಗಿಗೆ ಮಣ್ಣು ಹುಡುಕಿದ್ದು

ಮದುವೆ ಮಂಟಪ ನೋಡಲು ಹೋದವರು ಮೊದಲು ವೇದಿಕೆ ನೋಡುತ್ತಾರೆ, ಊಟದ ಹಾಲ್ ನೋಡುತ್ತಾರೆ, ಪಾರ್ಕಿಂಗ್ ಎಷ್ಟಿದೆ ಎಂದು ವಿಚಾರಿಸುತ್ತಾರೆ. ನಮ್ಮವ್ವ ಕೇಳುತ್ತಿದ್ದುದು ಒಂದೇ ಪ್ರಶ್ನೆ.

"ಇಲ್ಲೆ ಮಣ್ಣು ಎಲ್ಲೈತ್ರಿ?"

ಕೆ.ಆರ್. ಪುರ, ರಾಮಮೂರ್ತಿ ನಗರ, ಬಾಣಸವಾಡಿ ಎಂದು ಎರಡು ಭಾನುವಾರ ನಾವು ಮೂವರು ಅಲೆದೆವು: ಅವ್ವ, ನಾನು, ನಾನು ಮದುವೆಯಾಗಲಿದ್ದ ಹುಡುಗ. ಬೆಳಿಗ್ಗೆ ಮಂಟಪ, ಮಧ್ಯಾಹ್ನ ಬಾಡಿಗೆ ಮನೆ. ಅವನು ಹಲಸೂರಿನಲ್ಲಿ ಹುಟ್ಟಿ ಬೆಳೆದವನು, ಶಿವಾಜಿನಗರದ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ. ನಾನು ಇಂದಿರಾನಗರದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವ್ವ ಲಿಂಗಸುಗೂರು ಕಡೆಯವಳು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಪ್ಪನ ಜೊತೆ ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದವಳು, ಅಪ್ಪ ತೀರಿಕೊಂಡ ಮೇಲೂ ಇಲ್ಲೇ ಉಳಿದಳು.

ಅವಳಿಗೆ ಮಣ್ಣು ಬೇಕಾಗಿದ್ದುದು ಸುರಗಿಗೆ. ನಮ್ಮ ಕಡೆ ಮದುವೆಯ ಮೊದಲು ಮದುಮಗಳನ್ನು ಅಂಗಳದಲ್ಲಿ ಮಣೆಯ ಮೇಲೆ ಕೂರಿಸಿ, ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವಕ್ಕೆ ನೂಲು ಸುತ್ತಿ, ಒಳಗೆ ಅರಿಷಿಣ ಹಚ್ಚಿ ನೀರೆರೆಯುತ್ತಾರೆ. ಒಂದೊಂದು ತಂಬಿಗೆಯ ಹಿಂದೆ ಒಬ್ಬೊಬ್ಬ ಮುತ್ತೈದೆ ಕೂರುತ್ತಾಳೆ. ಆ ನೀರು ನೆಲಕ್ಕೆ ಇಂಗಬೇಕು, ಗಟಾರಕ್ಕೆ ಹೋಗಬಾರದು ಎಂಬುದು ಅವ್ವನ ಹಟ. ಮಣ್ಣು ಸಿಗದಿದ್ದರೆ ಮದುವೆ ಊರಲ್ಲೇ ಆಗಲಿ ಎಂದುಬಿಟ್ಟಿದ್ದಳು. ಊರಲ್ಲಿ ನಮ್ಮದು ಅಂತ ಒಂದು ಗೋಡೆಯೂ ಇರಲಿಲ್ಲ. ಯಾರದೋ ಅಂಗಳದಲ್ಲಿ ನನ್ನ ಮದುವೆಯಾಗಿ, ಅವ್ವ ಅಲ್ಲಿ ನೆಂಟರ ಹಾಗೆ ನಿಲ್ಲುವುದು ನನಗೆ ಸುತರಾಂ ಬೇಡವಾಗಿತ್ತು.

ಒಂದು ಮಂಟಪದ ಮ್ಯಾನೇಜರು ಧಾರಾಳವಾಗಿ ಹೇಳಿದರು, "ಡೆಕೋರೇಷನ್‌ನವ್ರಿಗೆ ಹೇಳಿದ್ರೆ ದೊಡ್ಡ ಟ್ರೇನಲ್ಲಿ ಮಣ್ಣು ಹಾಕಿ ಕೊಡ್ತಾರಮ್ಮ."

"ಟ್ರೇದಾಗ ಕೊತ್ತಂಬರಿ ಬೆಳಕೋರಿ," ಎಂದು ಅವ್ವ ಚಪ್ಪಲಿ ಮೆಟ್ಟಿಕೊಂಡಳು.

ಅವನಿಗೆ ನಗು ತಡೆಯಲಾಗಲಿಲ್ಲ. ನನಗೆ ರೇಗುತ್ತಿತ್ತು. ಆದರೆ ಆ ಎರಡು ಭಾನುವಾರಗಳಲ್ಲಿ, ರೇಗುತ್ತಲೇ, ನಾನು ಬೇರೊಂದು ಬೆಂಗಳೂರನ್ನು ನೋಡಿದೆ. ನನಗೆ ಈ ಊರಿನ ಗುರುತು ಎಂದರೆ ಬೇಕರಿ, ಬಸ್ ಸ್ಟಾಪು, ಸಿಗ್ನಲ್ಲು. ಅವ್ವನಿಗೆ ಪಾಯ ತೋಡಿದಾಗ ಬಂದದ್ದೇ ಗುರುತು. ಆಟೋ ಕುಕ್ ಟೌನ್ ದಾಟುವಾಗ, "ಇಲ್ಲಿ ಮಣ್ಣು ಹಿಟ್ಟಿನಂಗ ಇತ್ತು, ಸಲಿಕಿ ಹಂಗ ಇಳೀತಿತ್ತು" ಎಂದಳು. ರಾಮಮೂರ್ತಿ ನಗರದ ಒಂದು ತಿರುವಿನಲ್ಲಿ ನೀರು ಉಕ್ಕಿ ಬಂದು ಮೂರು ದಿನ ಕೆಲಸ ನಿಂತಿತ್ತಂತೆ. ಬಾಣಸವಾಡಿ ಸ್ಟೇಷನ್ ಹತ್ತಿರದ ಅಪಾರ್ಟ್‌ಮೆಂಟಿನ ಕೆಳಗೆ ಬರೀ ಕಲ್ಲಂತೆ. ಓದು ಬರಹ ಬಾರದ ಹೆಂಗಸು ಊರಿಗೆ ಊರನ್ನೇ ಅಡಿಯಿಂದ ಓದಿಟ್ಟುಕೊಂಡಿದ್ದಾಳಲ್ಲ ಎಂದು ನಾನು ದಂಗಾದೆ. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಮಲಗಿದ್ದರೂ ಇದು ನನಗೆ ಗೊತ್ತಿರಲಿಲ್ಲ.

ಎರಡನೆಯ ಭಾನುವಾರ ಬಾಣಸವಾಡಿಯ ಒಂದು ಹಳೆಯ ಮಂಟಪಕ್ಕೆ ಹೋದೆವು. ಅವ್ವ ಈ ಸಲ ಏನೂ ಕೇಳಲಿಲ್ಲ. ನೇರ ಹೋಗಿ ಒಂದು ಕಂಬದ ಮೇಲೆ ಅಂಗೈ ಇಟ್ಟಳು.

"ಈ ಕಂಬಕ್ಕ ನಾ ಕಾಂಕ್ರೀಟ್ ಹೊತ್ತೀನಿ. ನೀ ಆವಾಗ ಉಸುಕಿನ ಗುಡ್ಡಿ ಮ್ಯಾಲ ಮಲಗಿರ್ತಿದ್ದಿ." ಆಮೇಲೆ ವೇದಿಕೆಯ ಕಡೆ ಕೈ ತೋರಿಸಿದಳು. "ಅಲ್ಲಿ ಬಾವಿ ಇತ್ತು. ನಾವ ಮುಚ್ಚಿದ್ವಿ."

ನಾನು ಕತ್ತೆತ್ತಿ ಆ ಕಂಬವನ್ನು ನೋಡಿದೆ. ಅಷ್ಟೆತ್ತರ. ಅಷ್ಟೂ ಅವಳ ತಲೆಯ ಮೇಲೆ ಬುಟ್ಟಿ ಬುಟ್ಟಿಯಾಗಿ ಹೋದದ್ದು. ಅಷ್ಟರಲ್ಲಿ ಅವ್ವ ಮ್ಯಾನೇಜರನ್ನು ಹುಡುಕಿಕೊಂಡು ಹೋಗಿ ಮತ್ತೆ ಅದೇ ಮಣ್ಣಿನ ಮಾತು ಎತ್ತಿದಳು. ಅವರು ಇಲ್ಲವೆಂದು ತಲೆಯಾಡಿಸಿದರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಎಲ್ಲಾ ಕಡೆ ಮಣ್ಣು ಮುಚ್ಚಿದಾಕಿ ನೀನ. ಈಗ ಮಣ್ಣಿಲ್ಲ ಅಂತ ನಮ್ಮನ್ಯಾಕ ತಿರುಗಸ್ತಿ?"

ಅವ್ವ ನನ್ನ ಮುಖ ನೋಡಿದಳು. ಸೆರಗು ಸರಿಮಾಡಿಕೊಂಡು ಹೊರಗೆ ಹೋಗಿ ನಿಂತಳು. ಅವನು ಮೆಲ್ಲಗೆ, "ಹಂಗನ್ಬಾರ್ದಿತ್ತು ನೀನು" ಎಂದ. ಗೊತ್ತಿತ್ತು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವುದು ಹೇಗೆಂದು ಗೊತ್ತಿರಲಿಲ್ಲ.

ಮಧ್ಯಾಹ್ನ ರಾಮಮೂರ್ತಿ ನಗರದಲ್ಲಿ ನೋಡಿದ್ದು ಎರಡು ಕೋಣೆಯ ಮನೆ. ಮುಂದಿನ ಭಾಗದಲ್ಲಿ ಓನರ್ ಅಜ್ಜಿ ತನ್ನ ಮಗ, ಸೊಸೆಯ ಜೊತೆ ಇದ್ದರು. ಅಲ್ಲಿ ಬಡಾವಣೆಯಾಗುವ ಮೊದಲು ಹೊಲ ಉಳುತ್ತಿದ್ದ ಮನೆತನ. ಅವನು ನಲ್ಲಿ ತಿರುಗಿಸಿ ನೋಡಿದ, ನಾನು ಅಡುಗೆಮನೆಯ ಕಿಟಕಿ ತೆಗೆದೆ. ಕಿಟಕಿಯಾಚೆ ಅವ್ವ ಆಗಲೇ ಕುಕ್ಕರುಗಾಲಲ್ಲಿ ಕೂತಿದ್ದಳು. ಮನೆಯ ಹಿಂದೆ, ಮೂರು ಕಡೆ ನಾಲ್ಕಂತಸ್ತಿನ ಗೋಡೆಗಳ ನಡುವೆ, ಒಂದು ಪಟ್ಟೆ ಕೆಂಪು ಮಣ್ಣು. ಅದರಲ್ಲಿ ದಂಟಿನ ಸೊಪ್ಪು, ನಾಲ್ಕು ಅವರೆ ಬಳ್ಳಿ. ಅವ್ವ ಒಂದು ಹಿಡಿ ಮಣ್ಣೆತ್ತಿ ಬೆರಳುಗಳ ನಡುವೆ ಉದುರಿಸುತ್ತಿದ್ದಳು.

"ಯಾರಮ್ಮ ಅದು, ನನ್ನ ಸೊಪ್ಪು ಕೀಳ್ತಿರೋದು?" ಎಂದು ಅಜ್ಜಿ ಗದರಿಕೊಂಡೇ ಬಂದರು.

ಅವ್ವ ಎದ್ದು ಕೈ ಮುಗಿದಳು. ಮನೆ ಕೊಡಿ ಎನ್ನಲಿಲ್ಲ. "ಒಂದ ತಾಸು ಈ ಮಣ್ಣು ಕೊಡ್ರಿ, ನನ್ನ ಮಗಳ ಸುರಗಿಗೆ" ಎಂದಳು.

ಸುರಗಿ ಎಂದರೇನೆಂದು ಅಜ್ಜಿ ಪೂರ್ತಿ ಕೇಳಿಸಿಕೊಂಡರು. "ರೈಲ್ವೆ ಗೇಟ್ ತನಕ ನಮ್ದೇ ರಾಗಿ ಹೊಲ ಇತ್ತು ಕಣಮ್ಮ. ಇಷ್ಟಕ್ಕೂ ಸಿಮೆಂಟ್ ಹಾಕ್ಸೋಣ ಅಂತ ನನ್ಮಗ ದಿನಾ ತಲೆ ತಿಂತಾನೆ. ಮಾಡ್ಕೋ. ಒಂದ್ ತಾಸು ಯಾಕೆ, ದಿನಪೂರ್ತಿ ಮಾಡ್ಕೋ." ಆಮೇಲೆ ನಮ್ಮ ಕಡೆ ತಿರುಗಿ, "ಮನೆ ನಿಮ್ಗೇ" ಎಂದರು.

ಗೇಟು ದಾಟಿದ ಮೇಲೆ ಅವ್ವ ನಡೆಯುತ್ತಲೇ ಅವನಿಗೆ ಹೇಳಿದಳು, "ಮಂಟಪ ಅದ ಇರಲಿ, ಬಾಣಸವಾಡೀದು. ಗಟ್ಟಿ ಐತಿ, ನನಗ ಗೊತ್ತೈತಿ." ನನ್ನ ಜೊತೆ ಮಾತಿಲ್ಲ.

ಸುರಗಿಯ ದಿನ ಬೆಳಿಗ್ಗೆ ನಾನೆದ್ದು ಆ ಮನೆಯ ಹಿತ್ತಲಿಗೆ ಬಂದು ನೋಡುವಷ್ಟರಲ್ಲಿ ಅವ್ವ ಒಂದು ಬಳ್ಳಿಯೂ ಮುರಿಯದಂತೆ ನೆಲ ಸಮ ಮಾಡಿ, ಮಣೆಯಿಟ್ಟು, ದೂರದ ಮೂಲೆಯಲ್ಲಿ ನೀರು ಕಾಯಿಸುತ್ತಾ ಕೂತಿದ್ದಳು. ಗಂಡ ಇಲ್ಲದವಳು ಶುಭದ ಹತ್ತಿರ ಬರಬಾರದೆಂದು ಯಾರೂ ಹೇಳಬೇಕಿರಲಿಲ್ಲ, ತಾನೇ ದೂರ ಕೂತಿದ್ದಳು. ಊರಿನಿಂದ ಬಂದ ಮುತ್ತೈದೆಯರು ಮೂವರೇ. ನಾಲ್ಕನೆಯ ತಂಬಿಗೆಗೆ ಓನರ್ ಸೊಸೆಯನ್ನು ಕರೆಯೋಣ ಎಂದಳು ನನ್ನ ಚಿಕ್ಕಮ್ಮ.

ಅಜ್ಜಿ ಸೊಸೆಯನ್ನು ಕರೆಯಲಿಲ್ಲ. ಒಲೆಯ ಹತ್ತಿರ ಹೋಗಿ ಅವ್ವನ ರಟ್ಟೆ ಹಿಡಿದು ಎಬ್ಬಿಸಿದರು.

"ಬ್ಯಾಡ್ರಿ ಅಮ್ಮಾರ, ನಾ ಕೂಡಬಾರದು," ಅವ್ವ ಕೊಸರಿಕೊಂಡಳು.

"ನನ್ ಗಂಡ ಸತ್ತು ಎಷ್ಟೋ ವರ್ಷ ಆಯ್ತು. ಈ ಮಣ್ಣಲ್ಲಿ ನಾನೇ ಬಿತ್ತೋದು. ಬೆಳೆ ಬಂದಿಲ್ವಾ? ನೋಡು, ಕಣ್ಣಿಲ್ವಾ ನಿಂಗೆ?"

ಅವರೆ ಬಳ್ಳಿಯ ತುಂಬ ಹೂ. ಅವ್ವ ನಾಲ್ಕನೆಯ ತಂಬಿಗೆಯ ಹಿಂದೆ ಬಂದು ಕೂತಳು. ಚಿಕ್ಕಮ್ಮ ನೂಲಿನ ಉಂಡೆಯನ್ನು ಅವ್ವನ ಕೈಗೆ ದಾಟಿಸಿದಳು. ಐದು ಸುತ್ತು ನೂಲು ಅವ್ವನ ಬೆರಳುಗಳನ್ನು ಹಾದು ನನ್ನ ಸುತ್ತ ಹೋಯಿತು. ಸಿಮೆಂಟಿನಿಂದ ಒಡೆದ ಆ ಬೆರಳುಗಳಿಗೆ ನೂಲು ಆಗಾಗ ಸಿಕ್ಕಿಕೊಳ್ಳುತ್ತಿತ್ತು. ನಾನು ನೋಡುತ್ತಾ ಕೂತೆ.

ಮೊದಲ ತಂಬಿಗೆಯನ್ನು ಅವಳೇ ನನ್ನ ತಲೆಯ ಮೇಲೆ ಸುರಿದಳು. ಬಿಸಿನೀರು ಬೆನ್ನಿನಿಂದ ಇಳಿದು ನೆಲ ಮುಟ್ಟಿದ್ದೇ ತಡ, ಮಣ್ಣು ಅದನ್ನು ಒಳಗೆಳೆದುಕೊಂಡಿತು. ಒಂದು ಹನಿಯೂ ಹರಿದು ಹೋಗಲಿಲ್ಲ.

"ಅವತ್ತ ನಾ ಅಂದದ್ದು ತಪ್ಪಾತವ್ವ," ಎಂದೆ, ನೀರಿನೊಳಗಿನಿಂದಲೇ.

ಅವ್ವ ಇನ್ನೊಂದು ತಂಬಿಗೆ ಎತ್ತಿದಳು.

"ಕಣ್ಣು ಮುಚ್ಚು. ಅರಿಷಿಣ ಒಳಗ ಹೋಗ್ತೈತಿ."